ಅಪ್ಪನ ಯಾವ ಕಿವಿಗೆ ಮಷಿನ್?

ಪ್ರಶ್ನೆ: ನಾನು ಯಡ್ರಾಮಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಅಪ್ಪನಿಗೆ 67 ವರ್ಷ. ಸಣ್ಣದೊಂದು ಕಿರಾಣಿ ಅಂಗಡಿ ಇದೆ, ಈಗಲೂ ಗಲ್ಲಾದ ಮುಂದೆ ಅವರೇ ಕೂರುತ್ತಾರೆ. ಸಣ್ಣವರಿದ್ದಾಗಿನಿಂದ ಅವರ ಎಡಗಿವಿ ಸೋರುತ್ತಿತ್ತಂತೆ. ಈಗಲೂ ಮಳೆಗಾಲದಲ್ಲಿ ಒಮ್ಮೊಮ್ಮೆ ಸೋರುತ್ತದೆ, ಆಗ ಅವ್ವ ಬಳ್ಳೊಳ್ಳಿ ಹಾಕಿ ಕಾಯಿಸಿದ ಕುಸುಬಿ ಎಣ್ಣೆ ಬಿಡುತ್ತಾಳೆ. ಆ ಕಿವಿಯಲ್ಲಿ ಕೂಗಿದರೆ ಸದ್ದು ಗೊತ್ತಾಗುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಾರೆ. ಇಷ್ಟು ವರ್ಷ ಬಲಗಿವಿಯ ಮೇಲೇ ಸಂಸಾರ ನಡೆದಿತ್ತು. ನಾಲ್ಕೈದು ವರ್ಷದಿಂದ ಅದೂ ಮಂದವಾಗುತ್ತ ಬಂದಿದೆ. ಗಿರಾಕಿ ಸಕ್ರಿ ಕೇಳಿದರೆ ಅಪ್ಪ ಅಕ್ಕಿ ಕಟ್ಟುತ್ತಾರೆ. ಹುಡುಗರು ನಗುತ್ತಾರೆ, ಅಪ್ಪ ಸಿಟ್ಟಾಗುತ್ತಾರೆ.

ಕಲಬುರಗಿಯಲ್ಲಿ ಮಷಿನ್ ಮಾರುವ ಕಡೆ ಪರೀಕ್ಷೆ ಮಾಡಿಸಿದೆವು. ಬಲಗಿವಿ 52, ಎಡಗಿವಿ 78 ಡೆಸಿಬಲ್ ಎಂದು ಬರೆದುಕೊಟ್ಟಿದ್ದಾರೆ. ಎರಡು ಮಷಿನ್ ತೆಗೆದುಕೊಳ್ಳುವ ಅನುಕೂಲ ನಮಗಿಲ್ಲ. ಮಾರುವವರು, ‘ಬಲಗಿವಿ ಹೆಂಗೋ ನಡೀತದ, ಹೆಚ್ಚು ಹಾಳಾದ ಎಡಗಿವಿಗೇ ಹಾಕ್ರಿ’ ಅಂದರು. ನಮ್ಮ ಕಾಕಾ ಹೇಳುವುದೂ ಅದೇ. ಅಪ್ಪನಂತೂ, ‘ಎಡಗಿವಿ ಮೊದಲೇ ಹೋಗ್ಯಾದ, ಬಲಗಿವಿಯಾಗ ಮಷಿನ್ ತುರುಕಿ ಅದನ್ನೂ ಕಳಕೊಳ್ಳಲೇನು?’ ಎಂದು ಕೇಳುತ್ತಾರೆ. ಗಿರಾಕಿಗಳು ನಿಲ್ಲುವುದೂ ಅವರ ಎಡಕ್ಕೇ. ಯಾವ ಕಿವಿಗೆ ಹಾಕಿಸಬೇಕು? ಕೊಟ್ಟ ದುಡ್ಡು ನೀರಲ್ಲಿ ಹೋಮವಾಗಬಾರದು.
— ಹೆಸರು ಬೇಡ, ಯಡ್ರಾಮಿ

ಉತ್ತರ: ತಂಗಿ, ಬಲಗಿವಿಗೆ ಹಾಕಿಸಿ.

ನಿಮ್ಮ ಮನೆಯವರೆಲ್ಲರ ಮಾತಿಗೂ ಇದು ಎದುರಾಗಿದೆ, ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇನೆ. ಓದಿದ ಮೇಲೆ ಅಪ್ಪನಿಗೂ ಕಾಕಾನಿಗೂ ಓದಿ ಹೇಳಿ.

ಸೊಟ್ಟಗಿನ ಕಾಲಿಗೆ ಕೋಲು ಕೊಟ್ಟ ಹಾಗೆ, ಕೆಟ್ಟ ಕಿವಿಗೇ ಮಷಿನ್ ಕೊಡಬೇಕು ಎಂದು ಎಲ್ಲರೂ ತಿಳಿಯುವುದು ಸಹಜ. ಆದರೆ ಮಷಿನ್ ಮಾಡುವುದು ಒಂದೇ ಕೆಲಸ. ಸದ್ದನ್ನು ದೊಡ್ಡದು ಮಾಡಿ ಕಿವಿಯೊಳಗೆ ಬಿಡುತ್ತದೆ. ಆ ಸದ್ದಿನಿಂದ ಮಾತನ್ನು ಬಿಡಿಸಿಕೊಳ್ಳುವುದು ಒಳಗಿವಿ, ನರ ಮತ್ತು ಮೆದುಳಿನ ಕೆಲಸ. ಒಳಗಿವಿಯ ಸೂಕ್ಷ್ಮ ಕೋಶಗಳು ಬಹಳಷ್ಟು ಸತ್ತಿದ್ದರೆ ಎಷ್ಟು ದೊಡ್ಡದಾಗಿ ಕೇಳಿಸಿದರೂ ಅದು ಗದ್ದಲವೇ ಹೊರತು ಮಾತಲ್ಲ. ಅಪ್ಪ ಎಡಗಿವಿಯ ಬಗ್ಗೆ ಹೇಳಿದ್ದೂ ಇದನ್ನೇ: ಕೂಗಿದರೆ ಸದ್ದು ಗೊತ್ತಾಗುತ್ತದೆ, ಮಾತು ತಿಳಿಯುವುದಿಲ್ಲ. ಅಂಥ ಕಿವಿಗೆ ಮಷಿನ್ ಹಾಕಿದರೆ ಅದು ಅವರ ಪರವಾಗಿ ಕೂಗುತ್ತದೆ, ಅಷ್ಟೇ. ಅತ್ತ ಬಲಗಿವಿ ಮೊದಲಿನ ಹಾಗೆಯೇ ಮಂದ ಉಳಿಯುತ್ತದೆ. ಸಕ್ರಿ ಕೇಳಿದವರಿಗೆ ಅಕ್ಕಿ ಸಿಗುವುದು ತಪ್ಪುವುದಿಲ್ಲ.

ಆ ಸಕ್ರಿ–ಅಕ್ಕಿಯ ತಪ್ಪು ಬಲಗಿವಿಯ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ. ‘ಸ’, ‘ಶ’, ‘ಚ’, ‘ತ’ದಂಥ ಧ್ವನಿಗಳು ಮೆಲುವಾದವು, ಅವುಗಳ ಶಕ್ತಿ ಇರುವುದು ಎತ್ತರದ ಕಂಪನಗಳಲ್ಲಿ. ವಯಸ್ಸಾದಂತೆ ಮೊದಲು ಮಸಕಾಗುವುದೂ ಅದೇ ಭಾಗ. ‘ಅ’, ‘ಆ’ದಂಥ ಸ್ವರಗಳು ತಗ್ಗಿನ ಕಂಪನದವು, ಗಟ್ಟಿಯಾಗಿಯೂ ಇರುತ್ತವೆ, ಹಾಗಾಗಿ ಕೊನೆಯವರೆಗೂ ಕೇಳಿಸುತ್ತವೆ. ‘ನನಗ ಕೇಳಸ್ತದ, ನೀವೇ ಗುಳುಗುಳು ಅಂತೀರಿ’ ಎಂದು ಮನೆಯ ಹಿರಿಯರು ಗದರುವುದು ಇದಕ್ಕೇ. 52 ಡೆಸಿಬಲ್‌ನ ಕಿವಿಯಲ್ಲಿ ಕಳೆದುಹೋದ ಈ ಮೆಲುಧ್ವನಿಗಳನ್ನು ಎತ್ತಿಕೊಡುವುದನ್ನು ಇವತ್ತಿನ ಮಷಿನ್‌ಗಳು ಚೆನ್ನಾಗಿ ಮಾಡುತ್ತವೆ. ಅವುಗಳಿಂದ ಅತಿ ಹೆಚ್ಚು ಪ್ರಯೋಜನ ಪಡೆಯುವ ಕಿವಿ ನಿಮ್ಮ ಅಪ್ಪನ ಬಲಗಿವಿಯಂಥದ್ದೇ.

ಎರಡೂ ಕಿವಿ ಮಂದವಿದ್ದು ಒಂದೇ ಮಷಿನ್ ಕೊಳ್ಳಲು ಸಾಧ್ಯವಿದ್ದಾಗ ಶ್ರವಣತಜ್ಞರು ಬಳಸುವ ಹಳೆಯದೊಂದು ಲೆಕ್ಕವಿದೆ. ಸರಾಸರಿ ನಷ್ಟ 60 ಡೆಸಿಬಲ್‌ಗೆ ಯಾವ ಕಿವಿ ಹತ್ತಿರವೋ ಅದಕ್ಕೆ ಹಾಕು ಎನ್ನುತ್ತದೆ ಆ ಲೆಕ್ಕ. ನಿಮ್ಮಲ್ಲಿ 52 ಹತ್ತಿರ, 78 ದೂರ. ಇದು ಕಣ್ಣಳತೆಯ ಲೆಕ್ಕ, ಶಾಸನವಲ್ಲ. ಆದರೂ ಇದೇ ಪುಟ ಓದುವ ಬೇರೆ ಮನೆಯವರಿಗೆ ಉಪಯೋಗವಾದೀತು. ಒಂದು ಕಿವಿ 25, ಇನ್ನೊಂದು 60 ಇದ್ದರೆ ಒಳ್ಳೆಯ ಕಿವಿಗೆ ಮಷಿನ್ ಬೇಕಿಲ್ಲ, ಮಂದವಾದದ್ದಕ್ಕೇ ಹಾಕಬೇಕು. ಅಲ್ಲಿ ನಿಮ್ಮ ಕಾಕಾನ ಮಾತು ನೂರಕ್ಕೆ ನೂರು ಸರಿ. ಒಂದು 70, ಇನ್ನೊಂದು 95 ಇದ್ದರೆ ಮತ್ತೆ 70ರದ್ದಕ್ಕೇ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದಾಗ ಮಾತ್ರ ಬೇರೆ ವಿಷಯಗಳು ಮುಂದೆ ಬರುತ್ತವೆ. ಮೊಬೈಲ್ ಯಾವ ಕಿವಿಗೆ ಹಿಡಿಯುತ್ತಾರೆ, ಸೆಲ್ ಬದಲಿಸಲು ಯಾವ ಕೈ ನಡೆಯುತ್ತದೆ, ಮಾತಾಡುವ ಜನ ಯಾವ ಮಗ್ಗುಲಲ್ಲಿ ಕೂರುತ್ತಾರೆ ಎಂಬಂಥವು. ಲಕ್ವಾ ಹೊಡೆದು ಬಲಗೈ ಏಳದವರಿಗೆ ಬಲಗಿವಿಯ ಮಷಿನ್ ಕೊಟ್ಟರೆ ದಿನವೂ ಇನ್ನೊಬ್ಬರ ದಾರಿ ಕಾಯಬೇಕು. ನಮ್ಮ ದೇಶದಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಜೀಪು ಓಡಿಸುವವರಿಗೆ ಪಕ್ಕದವರ ಮಾತು ಬರುವುದು ಎಡದಿಂದ, ಅವರಿಗೆ ಎಡಗಿವಿ ಮೇಲು.

ಇನ್ನು ಅಪ್ಪನ ಭಯ. ಇದನ್ನು ಹಗುರವಾಗಿ ತಳ್ಳಿಹಾಕಬೇಡಿ, ಉಳಿದದ್ದೊಂದೇ ಕಿವಿ ಎಂದಾಗ ಯಾರಿಗಾದರೂ ಜೀವ ಹೆದರುತ್ತದೆ. ಅಳತೆಗೆ ತಕ್ಕಂತೆ ಹೊಂದಿಸಿದ ಮಷಿನ್‌ನಿಂದ ಕಿವಿ ಹಾಳಾಗುವುದಿಲ್ಲ. ಸದ್ದು ಇಷ್ಟಕ್ಕಿಂತ ಮೇಲೆ ಹೋಗಬಾರದು ಎಂಬ ಮಿತಿಯನ್ನು ಕಂಪ್ಯೂಟರಿನಲ್ಲಿ ಆ ಕಿವಿಗೆಂದೇ ಹಾಕಿಕೊಡುತ್ತಾರೆ. ಹೆದರಬೇಕಾದದ್ದು ಪರೀಕ್ಷೆಯಿಲ್ಲದೆ ಬಜಾರಿನಲ್ಲೋ ಮೊಬೈಲಿನಲ್ಲೋ ತರಿಸುವ, ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುವ ಅಗ್ಗದ ಯಂತ್ರಗಳಿಗೆ. ಅವನ್ನು ಅಪ್ಪನ ಬಲಗಿವಿಗೆ ಮುಟ್ಟಿಸಲೇಬೇಡಿ.

ಕಿವಿಯನ್ನು ಬಳಸದೆ ‘ಉಳಿಸುವುದು’ ಎಂಬುದಿಲ್ಲ. 1984ರಲ್ಲಿ ಸಿಲ್ಮನ್, ಗೆಲ್‌ಫಂಡ್, ಸಿಲ್ವರ್‌ಮನ್ ಎಂಬ ಅಮೆರಿಕದ ಸಂಶೋಧಕರು ಎರಡೂ ಕಿವಿ ಮಂದವಿದ್ದ ವಯಸ್ಕರನ್ನು ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. ಒಂದೇ ಕಿವಿಗೆ ಮಷಿನ್ ಹಾಕಿಕೊಂಡವರಲ್ಲಿ, ಮಷಿನ್ ಇಲ್ಲದ ಕಿವಿಯ ಮಾತು ಗುರುತಿಸುವ ಶಕ್ತಿ ಕುಗ್ಗಿತ್ತು. ಮಷಿನ್ ಇದ್ದ ಕಿವಿಯಲ್ಲಿ ಹಾಗಾಗಿರಲಿಲ್ಲ. ಮಾತು ಬೀಳದ ಕಿವಿಗೆ ಮಾತಿನ ರೂಢಿ ತಪ್ಪುತ್ತದೆ. ಅಪ್ಪ ಬಲಗಿವಿಯನ್ನು ಹಾಗೇ ಬಿಟ್ಟರೆ ಅವರು ಹೆದರುವ ನಷ್ಟವೇ ಬರುತ್ತದೆ, ನಿಧಾನವಾಗಿ. ಈ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ. ಎರಡೂ ಕಿವಿ ಮಷಿನ್‌ಗೆ ಯೋಗ್ಯವಾಗಿದ್ದರೆ ಎರಡಕ್ಕೂ ಹಾಕುವುದೇ ಸರಿ. ದುಬಾರಿಯದೊಂದರ ಬದಲು ಸಾಧಾರಣ ಬೆಲೆಯವು ಎರಡು ಕೊಳ್ಳಿ ಎಂದೇ ನಾನು ಅನೇಕರಿಗೆ ಹೇಳುವುದು. ನಿಮಗೆ ಹಾಗೆ ಹೇಳದಿರುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಆ ಸೋರುವ ಎಡಗಿವಿ.

ಸೋರುವ ಕಿವಿಗೆ ಮಷಿನ್‌ನ ಅಚ್ಚು (ಕಿವಿಯ ಅಳತೆಗೆ ಮಾಡಿದ ಬಿರಡೆ) ತುರುಕಿದರೆ ಗಾಳಿಯಾಡದೆ ಒಳಗೆಲ್ಲ ಕೊಳೆತು ಸೋರಿಕೆ ಹೆಚ್ಚುತ್ತದೆ. ಕೀವು ಸೇರಿ ಮಷಿನ್‌ನ ನಳಿಗೆ ಕಟ್ಟಿಕೊಳ್ಳುತ್ತದೆ. ಎಡಗಿವಿಗೆ ಈಗ ಬೇಕಾದದ್ದು ವೈದ್ಯರು. ತಮಟೆಯಲ್ಲಿ ತೂತು ಇರಬಹುದು, ಬಹಳ ಕಾಲ ಸೋರಿದ ಕಿವಿಗಳಲ್ಲಿ ಅದು ಸಾಮಾನ್ಯ. ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಮುಚ್ಚಬಹುದು. ಸೋರುವುದು ಗಬ್ಬು ನಾರುತ್ತಿದ್ದರೆ, ತಲೆ ತಿರುಗುತ್ತಿದ್ದರೆ, ಮುಖ ಒಂದು ಕಡೆ ಎಳೆದರೆ ತಡಮಾಡಬೇಡಿ. ಒಳಗೆ ಎಲುಬನ್ನು ತಿನ್ನುವ ಗೆಡ್ಡೆ ಬೆಳೆಯುತ್ತಿರುವ ಸೂಚನೆ ಅದಾಗಿರಬಹುದು. ಅವ್ವನಿಗೆ ನನ್ನ ಕೈಮುಗಿದ ಬಿನ್ನಹ: ಕುಸುಬಿ ಎಣ್ಣೆ ರೊಟ್ಟಿಯ ಸಂಗಡದ ಹಿಂಡಿಗೆ ಇರಲಿ, ಕಿವಿಗೆ ಬೇಡ. ತೂತಿರುವ ತಮಟೆಯ ಮೂಲಕ ಎಣ್ಣೆ ನಡುಗಿವಿಗೇ ಇಳಿಯುತ್ತದೆ. ಅಪ್ಪ ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಹೊರಕಿವಿಗೆ ಇಟ್ಟು, ಆಮೇಲೆ ತೆಗೆದುಬಿಡಲಿ. ಕಿವಿ ಒಣಗಿ ಕೆಲವು ತಿಂಗಳು ಒಣಗಿಯೇ ಉಳಿದ ಮೇಲೆ ಎಡಗಿವಿಗೆ ಎರಡನೆಯ ಮಷಿನ್ ಬೇಕೇ ಎಂದು ಯೋಚಿಸೋಣ. ಅಚ್ಚು ಒಗ್ಗದ ಕಿವಿಗೆ ಎಲುಬಿನ ಮೂಲಕ ಕೇಳಿಸುವ ಬೇರೆ ಬಗೆಯ ಮಷಿನ್ ಕೂಡ ಇದೆ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ. ನೀವು ಕಳಿಸಿದ ಹಾಳೆಯಲ್ಲಿ ‘ಟುಯ್ ಟುಯ್’ ಸದ್ದಿನ ನಕ್ಷೆ ಮಾತ್ರ ಇದೆ. ಕೆಂಪು ಗೆರೆ ಅಪಾಯದ ಗೆರೆಯೇ ಎಂದು ಮೂಲೆಯಲ್ಲಿ ಬರೆದಿದ್ದೀರಿ. ಅಲ್ಲ, ಕೆಂಪು ಬಣ್ಣದ ಸೊನ್ನೆಗಳು ಬಲಗಿವಿಯವು, ನೀಲಿ ಬಣ್ಣದ ಗುಣಾಕಾರದ ಗುರುತುಗಳು ಎಡಗಿವಿಯವು. ಎಲ್ಲ ಕಡೆಯೂ ಇದೇ ರೂಢಿ. ಗೆರೆ ಕೆಳಗಿಳಿದಷ್ಟೂ ನಷ್ಟ ಹೆಚ್ಚು. ಮಷಿನ್‌ಗಳ ಮೇಲೂ ಬಲದ್ದಕ್ಕೆ ಕೆಂಪು, ಎಡದ್ದಕ್ಕೆ ನೀಲಿ ಚುಕ್ಕೆ ಇರುತ್ತದೆ. ಈ ನಕ್ಷೆ ಎಷ್ಟು ಸದ್ದು ಬೇಕು ಎಂದಷ್ಟೇ ಹೇಳುತ್ತದೆ, ಮಾತು ಎಷ್ಟು ತಿಳಿಯುತ್ತದೆ ಎಂದಲ್ಲ. ಅದಕ್ಕೆ ಪದಗಳ ಪರೀಕ್ಷೆ ಬೇರೆ ಇದೆ. ಹಾಯಾಗಿ ಕೇಳುವಷ್ಟು ಗಟ್ಟಿಯಾಗಿ ಒಂದೊಂದೇ ಪದ ಕೇಳಿಸಿ, ತಿರುಗಿ ಹೇಳಿಸಿ, ನೂರಕ್ಕೆ ಎಷ್ಟು ಸರಿ ಎಂದು ಒಂದೊಂದು ಕಿವಿಗೂ ಬರೆಯುತ್ತಾರೆ. ಯಾವ ಕಿವಿ ಎಂಬ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಆ ಅಂಕಿಯೇ. ಅದಿಲ್ಲದೆ ಮಷಿನ್ ಮಾರುವುದು ನನ್ನ ಪ್ರಕಾರ ತಪ್ಪು.

ಆ ಪದಗಳು ಕನ್ನಡದವೇ ಆಗಿರಬೇಕು, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಿದ್ಧಪಡಿಸಿದ ಕನ್ನಡ ಪದಪಟ್ಟಿಗಳಿವೆ. ಪರೀಕ್ಷಿಸುವವರು ಈ ಕಡೆಯವರಲ್ಲದಿದ್ದರೆ ನೀವು ಪಕ್ಕದಲ್ಲಿರಿ. ‘ಬೇಳೆ’ ಎಂದದ್ದಕ್ಕೆ ಅಪ್ಪ ‘ಬ್ಯಾಳಿ’ ಎಂದರೆ ಅದು ಸರಿಯುತ್ತರ, ತಪ್ಪೆಂದು ಗುರುತು ಹಾಕಿಸಬೇಡಿ. ಇನ್ನೊಂದನ್ನೂ ಅಪ್ಪನಿಗೆ ಕೇಳಿ. ಎಡಗಿವಿ ಪರೀಕ್ಷಿಸುವಾಗ ಬಲಗಿವಿಯಲ್ಲಿ ಮಳೆ ಸುರಿದಂಥ ‘ಸುಂಯ್’ ಸದ್ದು ಬಿಟ್ಟಿದ್ದರೇ? ಒಂದು ಕಿವಿಗೆ ಕೊಟ್ಟ ಜೋರು ಸದ್ದು ತಲೆಬುರುಡೆಯ ಮೂಲಕ ಇನ್ನೊಂದಕ್ಕೆ ದಾಟುವುದರಿಂದ, ಒಳ್ಳೆಯ ಕಿವಿಯನ್ನು ಹಾಗೆ ಮರೆಮಾಡದಿದ್ದರೆ ಕೆಟ್ಟ ಕಿವಿಯ ಅಂಕಿ ಸುಳ್ಳಾಗಬಹುದು.

ಈ ಪರೀಕ್ಷೆಗೆ ಮೈಸೂರಿಗೇ ಹೋಗಬೇಕಿಲ್ಲ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಕಿವಿ–ಮೂಗು–ಗಂಟಲು ವಿಭಾಗದಲ್ಲಿ ಮೊದಲು ತೋರಿಸಿ, ಸೋರಿಕೆಯ ವಿಚಾರವೂ ಒಂದೇ ಕೈಯಲ್ಲಿ ಮುಗಿಯುತ್ತದೆ. ಅಲ್ಲಿ ಸಮಾಧಾನವಾಗದಿದ್ದರೆ ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕಲಬುರಗಿಯಿಂದ ರೈಲಿನಲ್ಲಿ ಮೈಸೂರಿಗಿಂತ ಅದು ಎಷ್ಟೋ ಹತ್ತಿರ. ಆದರೆ ಅಲ್ಲಿ ಕನ್ನಡ ಪದಪಟ್ಟಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ದುಡ್ಡಿನ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವಿಕಲತೆಯ ಪ್ರಮಾಣಪತ್ರ ಸಿಗಲು ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ನಷ್ಟವಿರಬೇಕು. ಬಲಗಿವಿ 52 ಇರುವುದರಿಂದ ಅಪ್ಪನಿಗೆ ಆ ಪ್ರಮಾಣಪತ್ರ ಸಿಗುವುದು ಕಷ್ಟ, ಅದಕ್ಕಾಗಿ ಅಲೆದು ದಣಿಯಬೇಡಿ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಬಾಗಿಲು ತೆರೆದಿರಬಹುದು. 60 ದಾಟಿದ, ಬಿಪಿಎಲ್ ಕಾರ್ಡ್ ಇರುವ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಶಿಬಿರಗಳಲ್ಲಿ ಕಿವಿ ಮಷಿನ್ ಉಚಿತವಾಗಿ ಕೊಡುತ್ತಾರೆ. ಮುಂದಿನ ಶಿಬಿರ ಯಾವಾಗ ಎಂದು ತಾಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಸ್ವಂತ ದುಡ್ಡಿನಲ್ಲೇ ಕೊಳ್ಳುವುದಾದರೆ ಒಂದು ಮಾತು ನೆನಪಿರಲಿ. ಕಿವಿ ಮಷಿನ್ ಮೇಲೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಏಕೆಂದು ಕೇಳಿ. ಅಚ್ಚು ಮಾಡಿಸುವ ಮೊದಲು ತಾತ್ಕಾಲಿಕ ತುದಿ ಹಾಕಿ ಎರಡೂ ಕಿವಿಗೆ ಒಂದೊಂದು ಸಲ ಕೇಳಿಸಿ ತೋರಿಸಲು ಹೇಳಿ (ಎಡಗಿವಿ ಒಣಗಿದ್ದರೆ ಮಾತ್ರ). ನಾನು ಬರೆದದ್ದಕ್ಕಿಂತ ಆ ಹತ್ತು ನಿಮಿಷ ಅಪ್ಪನನ್ನು ಹೆಚ್ಚು ಒಪ್ಪಿಸುತ್ತದೆ.

ಗಿರಾಕಿಗಳು ಎಡಕ್ಕೆ ನಿಲ್ಲುವ ಪ್ರಶ್ನೆ ಸಣ್ಣದಲ್ಲ. ಎಡದಿಂದ ಬಂದ ಮಾತು ಬಲಗಿವಿಗೆ ತಲುಪುವಷ್ಟರಲ್ಲಿ ತಲೆ ಅಡ್ಡವಾಗಿ ‘ಸ’, ‘ಚ’ದಂಥ ಧ್ವನಿಗಳು ಇನ್ನಷ್ಟು ಸೊರಗುತ್ತವೆ. ಆದರೆ ಇದಕ್ಕಾಗಿ ಕಿವಿ ಬದಲಿಸುವುದು ಬೇಡ, ಗಾದಿ ಬದಲಿಸಿ. ಗಲ್ಲಾ, ತಕ್ಕಡಿ, ಗಾದಿ ಮೂರನ್ನೂ ಎದುರು ಬದಿಯ ಗೋಡೆಗೆ ಸರಿಸಿ ಗಿರಾಕಿಗಳು ಬಲಕ್ಕೆ ಬರುವಂತೆ ಮಾಡಿ. ಜಾಗ ಸಾಲದಿದ್ದರೆ ಗಾದಿಯನ್ನು ಓರೆಯಾಗಿಟ್ಟರೂ ಸಾಕು, ಮುಖಕ್ಕೆ ಮುಖ ಕಂಡರೆ ತುಟಿ ಓದುವ ಅನುಕೂಲವೂ ಸಿಗುತ್ತದೆ. ಫ್ರಿಜ್ಜೋ ಫ್ಯಾನೋ ಗುಂಯ್ ಎನ್ನುತ್ತಿದ್ದರೆ ಅದು ಎಡಕ್ಕಿರಲಿ. ಮನೆಯಲ್ಲಿ ಊಟಕ್ಕೆ ಕೂತಾಗ, ಜೇವರ್ಗಿ ದಾಟಿ ಕಲಬುರಗಿ ಬಸ್ಸಿನಲ್ಲಿ ಹೋಗುವಾಗ ನೀವು ಅವರ ಬಲಮಗ್ಗುಲಲ್ಲಿ ಕೂರಿ. ಒಂದೇ ಕಿವಿಯಿಂದ ಸದ್ದು ಯಾವ ಕಡೆಯಿಂದ ಬಂತೆಂದು ಗೊತ್ತಾಗುವುದು ಕಷ್ಟ, ಆದ್ದರಿಂದ ರಸ್ತೆ ದಾಟುವಾಗ ಹಾರ್ನ್ ನಂಬದೆ ಎರಡೂ ಕಡೆ ಕಣ್ಣಿನಿಂದ ನೋಡಬೇಕೆಂದು ಅಪ್ಪನಿಗೆ ಹೇಳಿ. ಸಂತೆ, ಮದುವೆ, ಜಾತ್ರೆಯ ಗದ್ದಲದಲ್ಲಿ ಒಂದು ಮಷಿನ್ ಹೆಚ್ಚು ನೆರವಾಗುವುದಿಲ್ಲ. ಅದು ಮಷಿನ್ ಕೆಟ್ಟಿದ್ದಲ್ಲ.

ಮೊದಲ ಕೆಲವು ವಾರ ಅಪ್ಪ ಮಷಿನ್ ತೆಗೆದಿಡುತ್ತೇನೆ ಎನ್ನುತ್ತಾರೆ. ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಅವರಿಗೆ ತಲೆಗೇ ಬಡಿದಂತಾದೀತು. ವರ್ಷಗಳಿಂದ ಅದು ಅವರಿಗೆ ಇಷ್ಟು ಗಟ್ಟಿಯಾಗಿ ಕೇಳಿಯೇ ಇಲ್ಲ. ಮೊದಲು ಮನೆಯೊಳಗೆ, ಒಬ್ಬರ ಜೊತೆ, ದಿನಕ್ಕೆ ಒಂದೆರಡು ತಾಸು ಹಾಕಿಕೊಳ್ಳಲಿ. ಅಂಗಡಿ ಆಮೇಲೆ. ಯಾವ ಸದ್ದು ಚುಚ್ಚಿತು ಎಂದು ನೀವು ಬರೆದಿಟ್ಟು, ಮತ್ತೆ ಹೊಂದಿಸಲು ಹೋದಾಗ ತೋರಿಸಿ. ತಲೆಗೆ ರುಮಾಲು ಸುತ್ತುವವರಾದರೆ ಕಿವಿಯ ಮೇಲಿನ ಮೈಕಿಗೆ ಬಟ್ಟೆ ಉಜ್ಜದಂತೆ ಸ್ವಲ್ಪ ಮೇಲಕ್ಕೆ ಸುತ್ತಲಿ. ಮೊಬೈಲನ್ನು ಕಿವಿಯ ತೂತಿಗಲ್ಲ, ಮೇಲಿನ ಮೈಕಿನ ಹತ್ತಿರ ಹಿಡಿಯಬೇಕು, ಇಲ್ಲವೇ ಸ್ಪೀಕರ್ ಹಾಕಬೇಕು. ನಮ್ಮ ಬೇಸಿಗೆಯ ಬೆವರು ಮಷಿನ್‌ಗೆ ಶತ್ರು. ರಾತ್ರಿ ಒರೆಸಿ, ಸೆಲ್‌ನ ಬಾಗಿಲು ತೆರೆದು, ತೇವ ಹೀರುವ ಪುಡಿಯ ಡಬ್ಬಿಯಲ್ಲಿಡಿ. ಸೆಲ್‌ನ ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಗಾಳಿ ಸೇರಿದರೇ ಅದು ಕೆಲಸ ಶುರುಮಾಡುವುದು. ಅಚ್ಚು ಕೂತ ಕಿವಿಯಲ್ಲಿ ಸೆಲ್ ತೀರಿದರೆ ಅಪ್ಪನಿಗೆ ಏನೂ ಕೇಳದಂತಾಗುತ್ತದೆ, ಹಾಗಾಗಿ ಗಲ್ಲಾದಲ್ಲೊಂದು ಪಟ್ಟಿ ಸೆಲ್ ಯಾವಾಗಲೂ ಇರಲಿ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಬಲಗಿವಿ ಎಂದಾದರೂ ಒಂದೆರಡು ದಿನದಲ್ಲೇ ದಿಢೀರನೆ ಕೇಳದಾದರೆ ಸೆಲ್ ಬದಲಿಸಿ ನೋಡಿ, ಅಚ್ಚು ತೆಗೆದು ನೋಡಿ, ಆಗಲೂ ಹಾಗೇ ಇದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ದಿಢೀರ್ ಕಿವುಡಿಗೆ ಔಷಧ ಕೆಲಸ ಮಾಡುವುದು ಮೊದಲ ದಿನಗಳಲ್ಲಿ, ಎರಡು ವಾರ ಕಳೆದ ಮೇಲೆ ಬಹಳ ಸಲ ಕೈಮೀರಿರುತ್ತದೆ.

ಮಾರುವವರಿಗೆ ಮುಂಗಡ ಕೊಟ್ಟಿಲ್ಲದಿದ್ದರೆ ಈಗ ಕೊಡಬೇಡಿ. ಮಳೆಗಾಲ ಹಿಡಿಯುವ ಮೊದಲು ಅಪ್ಪನನ್ನು ಕರೆದುಕೊಂಡು ಹೋಗಿ ಎಡಗಿವಿ ತೋರಿಸಿ, ಎರಡೂ ಕಿವಿಯ ಪದಪರೀಕ್ಷೆಯ ಅಂಕಿ ಬರೆಸಿಕೊಂಡು ಬನ್ನಿ. ಬಲಗಿವಿಯ ಅಂಕಿ ಮೇಲಿದ್ದರೆ, ಮೇಲಿರುತ್ತದೆ ಎಂದೇ ನನ್ನ ಎಣಿಕೆ, ಕೆಂಪು ಚುಕ್ಕೆಯ ಮಷಿನ್ ಕೊಡಿ ಎಂದು ಧೈರ್ಯವಾಗಿ ಕೇಳಿ. ಅಂಕಿ ಬೇರೆ ಬಂದರೆ ಹಾಳೆಯ ಪ್ರತಿ ಕಳಿಸಿ, ಮತ್ತೆ ಬರೆಯುತ್ತೇನೆ.